ಒಂದು ಹಲ್ಲು ಹಿಂದೆ

"ಆ ಕಾಡುದಾರೀಲಿ ಹೋಗೋ ತಾಕತ್ತಿರೋ ಲಾರಿ ಈ ಊರಲ್ಲಿ ಒಂದೇ," ಎಂದ ಹಗ್ಗದವನು. "ನಿಮ್ಮ ದೊಡ್ಡಮ್ಮ."

ದೊಡ್ಡಮ್ಮ ಎಂದರೆ ಮನುಷ್ಯಳಲ್ಲ. ವರ್ಕ್‌ಶಾಪಿನ ನಟ್ಟನಡುವೆ ಉದ್ದ ಮೂಗು ಚಾಚಿಕೊಂಡು ನಿಂತಿದ್ದ ಹಳೆಯ ಲಾರಿ. ಎದೆಯೆತ್ತರದ ಆರು ಚಕ್ರ, ಆರಕ್ಕೂ ಎಂಜಿನ್ನಿನ ಬಲ. ಮುಂದಿನ ಬಂಪರಿನ ಮೇಲೆ ಭಾರ ಎಳೆಯಲು ಉಕ್ಕಿನ ಹಗ್ಗ ಸುತ್ತಿದ ವಿಂಚು. ಅದೂ ಎಂಜಿನ್ನಿನಿಂದಲೇ ತಿರುಗುವಂಥದ್ದು. ಹಿಂದಿನ ದಿನವಷ್ಟೇ ಅದಕ್ಕೆ ಹೊಸ ಪಿಸ್ಟನ್, ಹೊಸ ರಿಂಗು, ಹೊಸ ಬೇರಿಂಗು ಹಾಕಿ ಎಂಜಿನ್ ಜೋಡಿಸಿ ಮುಗಿಸಿದ್ದರು.

ಹಗ್ಗದವನು ರಕ್ಷಣಾ ದಳದವನು. ಹೆಗಲ ಮೇಲೆ ಸದಾ ಹಗ್ಗದ ಸುರುಳಿ ಇರುತ್ತಿದ್ದುದರಿಂದ ಅವನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಬೆಂಚಿನ ಮೇಲೆ ನಕ್ಷೆ ಹರಡಿ ಬೆರಳಿಟ್ಟು ತೋರಿಸಿದ. ಬೆಟ್ಟದಾಚೆ ಆಳವಾದ ಕಮರಿ. ಕಮರಿಯ ಆಚೆ ದಡದಲ್ಲಿ ಭೂಮಿ ಅಳೆಯಲು ಹೋದ ಐವರ ತಂಡ. ಅವರು ದಾಟಿದ್ದ ತೂಗುಸೇತುವೆಯನ್ನು ಹೊಳೆ ಹೊತ್ತುಕೊಂಡು ಹೋಗಿತ್ತು. ಅವರ ಡೇರೆಗಳ ಹಿಂದಿನ ಗುಡ್ಡ ಬಿರುಕು ಬಿಟ್ಟು ಚೂರು ಚೂರೇ ಕೆಳಗೆ ಸರಿಯುತ್ತಿತ್ತು. ಮೋಡ ನೆಲಕ್ಕೇ ಇಳಿದಿದ್ದರಿಂದ ಹೆಲಿಕಾಪ್ಟರ್ ಹಾರುವಂತಿರಲಿಲ್ಲ. ದೊಡ್ಡ ರಸ್ತೆ ಕುಸಿದಿತ್ತು. ಉಳಿದದ್ದು ಹಿಂದೆ ಮರ ಸಾಗಿಸುತ್ತಿದ್ದ ಕಾಡುದಾರಿ ಒಂದೇ.

"ಕಮರಿ ಮೇಲೆ ಒಂದು ತೆಳ್ಳನೆ ತಂತಿ ಇನ್ನೂ ಉಳಿದಿದೆ," ಎಂದ ಹಗ್ಗದವನು. "ಅದಕ್ಕೆ ಕಟ್ಟಿ ಹಗ್ಗ ದಾಟಿಸೋಣ. ಹಗ್ಗದ ಮೇಲೆ ತೊಟ್ಟಿಲು ಬಿಟ್ಟು ಒಬ್ಬೊಬ್ಬರನ್ನೇ ಎಳೆಯೋಣ. ಆದರೆ ಕೈಯಲ್ಲಿ ಎಳೆಯೋ ಭಾರ ಅಲ್ಲ. ವಿಂಚೇ ಬೇಕು."

"ಮಾತು ಸಾಕು. ಡೀಸೆಲ್ ತುಂಬಿ," ಎಂದಳು ಅಕ್ಕ.

ಆಚೆ ದಡದ ಐವರಲ್ಲಿ ಒಬ್ಬಳು ಅವಳ ಮಗಳು.

ಲಾರಿ ಓಡಿಸುವವಳು ಅಕ್ಕನೇ. ಮರದ ದಿಮ್ಮಿ ಹೇರಿಕೊಂಡು ಇದೇ ಕಾಡಿನಲ್ಲಿ ಓಡಾಡಿದವಳು. ಅವಳ ಗಂಡ ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್ಕು, ಅವಳ ತಮ್ಮ ಕಿರಿಯ ಮೆಕ್ಯಾನಿಕ್ಕು. ಬೀದಿಯವರೆಲ್ಲ ಅವರಿಬ್ಬರನ್ನು ಭಾವ, ಬಾಮೈದ ಎಂದೇ ಕರೆಯುತ್ತಿದ್ದರು. ಇಬ್ಬರೂ ಕೈಕೆಲಸದಲ್ಲಿ ಗಟ್ಟಿಗರು. ಆದರೆ ಇಬ್ಬರೂ ಮಾತು ಬಿಟ್ಟಿದ್ದರು.

ಕಾರಣ ಕೇಳಿದರೆ ನಗು ಬರಬೇಕು. ಬಾಮೈದ ಪಾನಾ ಹಾಕಿ ಬಿಗಿಯುವಾಗ ಒಂದು ಬೋಲ್ಟು ಮುರಿಯಿತು. ಗಿರಾಕಿಗಳೆಲ್ಲ ನಿಂತಿದ್ದಾಗಲೇ ಭಾವ, "ನಿನ್ನ ಕೈಗೆ ಸುತ್ತಿಗೆಯೇ ಸರಿ ಕಣಯ್ಯಾ, ಪಾನಾ ಮುಟ್ಟಬೇಡ" ಎಂದುಬಿಟ್ಟ. ಅಷ್ಟೇ. ಅಂದಿನಿಂದ ಬೆಳಗಿನ ಹೊತ್ತು ಭಾವ ಕೆಲಸ ಮಾಡಿದರೆ ಮಧ್ಯಾಹ್ನದ ಮೇಲೆ ಬಾಮೈದ. ದೊಡ್ಡಮ್ಮನ ಎಂಜಿನ್ ಬಿಚ್ಚಿದ್ದು ಭಾವ, ಜೋಡಿಸಿದ್ದು ಬಾಮೈದ. ನಡುವೆ ಒಂದು ಮಾತಿಲ್ಲ. ಏನಾದರೂ ಹೇಳಲೇಬೇಕಿದ್ದರೆ ಅಕ್ಕನ ಮೂಲಕ.

"ನಾನೇನು ಟೆಲಿಫೋನ್ ಕಂಬಾನಾ?" ಎಂದು ಅವಳು ಎಷ್ಟು ಸಲ ರೇಗಿದ್ದಳೋ.

ಎಂಜಿನ್ ಸುಲಭಕ್ಕೆ ಏಳಲಿಲ್ಲ. ಸ್ಟಾರ್ಟರ್ ಕರಕರ ಎಂದು ಬಹಳ ಹೊತ್ತು ತಿರುಗಿತು. ಕೊನೆಗೆ ಕೆಮ್ಮಿ ಎದ್ದಾಗ ವರ್ಕ್‌ಶಾಪಿನ ತುಂಬ ಬಿಳಿ ಹೊಗೆ.

"ಅವನಿಗೆ ಕೇಳು, ಇದೇನು ಹೊಗೆ ಅಂತ," ಎಂದ ಭಾವ ಹೆಂಡತಿಗೆ.

"ಅವರಿಗೆ ಹೇಳಕ್ಕ, ಹೊಸ ರಿಂಗು ಕೂತ್ಕೊಳ್ಳೋವರೆಗೂ ಹೀಗೇ ಅಂತ," ಎಂದ ಬಾಮೈದ.

ವಾದಕ್ಕೆ ಹೊತ್ತಿರಲಿಲ್ಲ. ಹಗ್ಗದ ಗಂಟು, ಉಪಕರಣದ ಪೆಟ್ಟಿಗೆ, ಡೀಸೆಲ್ ಡಬ್ಬಿಗಳನ್ನು ಹಿಂದೆ ಎಸೆದು, ಹಗ್ಗದವನು ಕಿಟಕಿಯ ಪಕ್ಕ ವೈರ್‌ಲೆಸ್ ಹಿಡಿದು ಕುಳಿತ. ಗಂಡ, ತಮ್ಮ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಅವನ ಪಕ್ಕದಲ್ಲಿ ಒತ್ತಿಕೊಂಡು ಕುಳಿತರು. ಅಕ್ಕ ಗೇರು ಹಾಕಿದಳು.

ಊರು ಮುಗಿದು ಗದ್ದೆ ಮುಗಿದು ಕಾಡು ಶುರುವಾಯಿತು. ಮರಗಳು ಎರಡೂ ಕಡೆಯಿಂದ ಬಾಗಿ ದಾರಿಯ ಮೇಲೆ ಚಪ್ಪರ ಹಾಕಿದ್ದವು. ಹಿಂದೆ ದಿಮ್ಮಿ ಲಾರಿಗಳು ತುಳಿದ ಜಾಡಿನಲ್ಲಿ ಈಗ ಸೊಂಟದೆತ್ತರದ ಜರೀಗಿಡ. ಬಿದ್ದ ಮರಗಳ ಮೇಲೆ ಹಸಿರು ಪಾಚಿ ಹಾಸಿಗೆಯಂತೆ ಬೆಳೆದಿತ್ತು. ಎಲ್ಲೆಲ್ಲಿಂದಲೋ ಇಳಿಯುವ ತೊರೆಗಳು ದಾರಿಯನ್ನೇ ಹಾದಿ ಮಾಡಿಕೊಂಡು ಹರಿಯುತ್ತಿದ್ದವು. ಮೋಡದ ತುಂಡುಗಳು ಕೊಂಬೆಗಳ ನಡುವೆ ನುಸುಳಿ ಗಾಜಿನ ಮೇಲೆ ನೀರಾಗಿ ಇಳಿಯುತ್ತಿದ್ದವು. ಹಗ್ಗದವನು ಮಚ್ಚು ಹಿಡಿದು ಇಳಿದು ಬಳ್ಳಿ ಕಡಿಯುವುದು, ಮತ್ತೆ ಹತ್ತುವುದು, ಮತ್ತೆ ಇಳಿಯುವುದು. ದೊಡ್ಡಮ್ಮ ಅದನ್ನೆಲ್ಲ ತುಳಿದುಕೊಂಡು, ತೂಗಾಡಿಕೊಂಡು ಮುಂದೆ ಹೋಯಿತು.

ಸಮದಾರಿಯಲ್ಲಿ ಎಲ್ಲ ಸರಿಯಿತ್ತು. ತೊಂದರೆ ಗೊತ್ತಾದದ್ದು ಹೊಳೆಯಲ್ಲಿ.

ನೀರು ಚಕ್ರದ ನಡುವಿನವರೆಗೆ ಬಂದಿತ್ತು. ಅಕ್ಕ ಸಣ್ಣ ಗೇರಿನಲ್ಲಿ ಇಳಿಸಿದಳು. ನಡುಹೊಳೆಯಲ್ಲಿ ಮುಂದಿನ ಚಕ್ರ ಒಂದು ಬಂಡೆಗೆ ಒತ್ತಿತು. ಆಕ್ಸಿಲರೇಟರ್ ತುಳಿದಳು. ಸದ್ದು ಬಂತು, ಎಳೆತ ಬರಲಿಲ್ಲ.

"ತುಳಿ!" ಎಂದ ಭಾವ.

"ತಳಕ್ಕೇ ತುಳಿದಿದೀನಿ ರೀ!"

ಹಿಂದೆ ಬಿಳಿ ಹೊಗೆಯ ಗೋಡೆ. ಲಾರಿ ನಡುಗಿತು, ಏದುಸಿರು ಬಿಟ್ಟಿತು, ಬಂಡೆಯನ್ನು ತೆವಳಿಕೊಂಡು ಹತ್ತಿ ಆಚೆ ಬಿತ್ತು. ದಡ ಸೇರಿದಾಗ ಶಾಖ ತೋರಿಸುವ ಮುಳ್ಳು ಕೆಂಪು ಗೆರೆಗೆ ತಾಗಿತ್ತು.

ಬಾನೆಟ್ ಎತ್ತಿದರು. ಇಬ್ಬರೂ ಎರಡು ಕಡೆಯಿಂದ ತಲೆ ತೂರಿಸಿದರು. ಭಾವ ಡೀಸೆಲ್ ಫಿಲ್ಟರ್ ಬಿಚ್ಚಿ ಹೊಸದು ಹಾಕಿದ. ಬಾಮೈದ ಪೈಪಿನ ನಟ್ಟು ಸಡಿಲಿಸಿ ಗಾಳಿ ಸಿಕ್ಕಿದೆಯೇ ನೋಡಿದ; ಇಲ್ಲ, ಡೀಸೆಲ್ ಶುದ್ಧವಾಗಿ ಬಂತು. ಎಂಜಿನ್ ಸ್ವಲ್ಪ ತಣಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ನೋಡಿದರು. ನೀರಿನಲ್ಲಿ ಗುಳ್ಳೆ ಏಳಲಿಲ್ಲ. ಅಂದರೆ ಸಿಲಿಂಡರಿನ ಹೆಡ್ ಸೋರುತ್ತಿಲ್ಲ. ಸೈಲೆನ್ಸರಿನ ಪೈಪು ಮಾತ್ರ ಎಂಜಿನ್ನಿನಿಂದ ಹೊರಬೀಳುವ ಕಡೆ ಕೆಂಪಗೆ ಕಾದಿತ್ತು.

ಭಾವ ಅದನ್ನೇ ದಿಟ್ಟಿಸಿದ. "ಒಳಗೆ ಉರೀಬೇಕಾದ್ದು ಹೊರಗೆ ಹೋಗಿ ಉರೀತಿದೆ," ಎಂದು ಗೊಣಗಿದ.

ಬಾಮೈದನೂ ಅದನ್ನೇ ನೋಡಿದ್ದ. ಆದರೆ ಯಾರೂ ಯಾರಿಗೂ ಹೇಳಲಿಲ್ಲ. ಇಂಥ ಹಟಮಾರಿಗಳನ್ನು ಹೊಳೆಗೇ ನೂಕಬೇಕಿತ್ತು. ಆದರೆ ಎಂಜಿನ್ ಬಲ್ಲವರು ಅವರಿಬ್ಬರೇ.

ಮುಂದೆ ಏರು. ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆ ಮೋಡ ತುಂಬಿದ ಪ್ರಪಾತ. ಲಾರಿಯ ಅಗಲ ಕಳೆದರೆ ಪಕ್ಕದಲ್ಲಿ ಒಬ್ಬ ಮನುಷ್ಯ ಒತ್ತಿಕೊಂಡು ನಡೆಯುವಷ್ಟೇ ಜಾಗ ಉಳಿದಿತ್ತು.

ಮೂರನೇ ತಿರುವಿನಲ್ಲಿ ದೊಡ್ಡಮ್ಮ ಸೋತಿತು. ವೇಗ ನಡಿಗೆಗೆ ಇಳಿಯಿತು, ಆಮೇಲೆ ತೆವಳುವಿಕೆಗೆ ಇಳಿಯಿತು. ಒಂದು ಸಲ ಬಿಕ್ಕಿತು. ಎಂಜಿನ್ ನಿಂತೇಹೋಯಿತು.

ಲಾರಿ ಹಿಂದಕ್ಕೆ ಜಾರತೊಡಗಿತು.

ಅಕ್ಕ ಬ್ರೇಕು ಒತ್ತಿದಳು. ಎಂಜಿನ್ ಸತ್ತ ಮೇಲೆ ಆ ಬ್ರೇಕು ಕಲ್ಲಿನ ಹಾಗೆ. ಹ್ಯಾಂಡ್‌ಬ್ರೇಕ್ ಎಳೆದಳು. ಕೆಸರಿನಲ್ಲಿ ಚಕ್ರ ಕಚ್ಚಲಿಲ್ಲ.

"ಕಲ್ಲು! ಕಲ್ಲು ಕೊಡಿ!"

ಹಗ್ಗದವನು ಹಾರಿದ. ಬಾಮೈದ ಅವನ ಹಿಂದೆಯೇ ಹಾರಿದ. ಅಕ್ಕ ಕನ್ನಡಿಯಲ್ಲಿ ಕಣ್ಣಿಟ್ಟು ಸ್ಟೇರಿಂಗ್ ಪೂರ್ತಿ ತಿರುಗಿಸಿದಳು. ಹಿಂಭಾಗ ಬಂಡೆಯ ಗೋಡೆಯ ಕಡೆಗೆ ತಿರುಗಿತು. ಕರ್ರ್ ಎಂದು ಕಬ್ಬಿಣ ಬಂಡೆಗೆ ಉಜ್ಜಿತು. ಬಾಮೈದ ಎದೆಗೊತ್ತಿ ತಂದ ಕಲ್ಲನ್ನು ಚಕ್ರದ ಹಿಂದೆ ಎಸೆದ. ಚಕ್ರ ಕಲ್ಲಿನ ಮೇಲೆ ಅರ್ಧ ಹತ್ತಿತು. ನಿಂತಿತು.

ಮುಂದಿನ ಬಲಗಡೆ ಚಕ್ರದಿಂದ ಆಚೆಗೆ ಒಂದು ಗೇಣು ನೆಲವಿತ್ತು. ಅದರಾಚೆ ಮೋಡ.

ಅಕ್ಕ ಬಂಡೆಯ ಕಡೆಯ ಬಾಗಿಲಿನಿಂದ ಇಳಿದಳು. "ಎಲ್ಲಾ ಚಕ್ರಕ್ಕೂ ಕಲ್ಲು ಕೊಡಿ. ಆಮೇಲೆ ಈ ಎಂಜಿನ್ನಿಗೆ ಏನಾಗಿದೆ ಅಂತ ಕಂಡುಹಿಡೀರಿ. ಕಾರಣ ಗೊತ್ತಾಗದೆ ನಾನು ಇದನ್ನ ಒಂದಡಿ ಓಡಿಸಲ್ಲ."

ವೈರ್‌ಲೆಸ್ ಕರಕರ ಎಂದಿತು. ಮಗಳ ದನಿ. "ಅಮ್ಮಾ? ಬಿರುಕು ದೊಡ್ಡದಾಗ್ತಿದೆ. ಡೇರೆ ಬಿಟ್ಟು ದಡಕ್ಕೇ ಬಂದು ಕೂತಿದೀವಿ. ಎಲ್ಲಿದ್ದೀರಾ?"

"ಬರ್ತಿದೀವಿ ಕಣೇ. ಲಾರಿಗೆ ಸ್ವಲ್ಪ ಉಸಿರು ಕಟ್ಟಿದೆ, ನಿಮ್ಮಪ್ಪ, ಮಾವ ನೋಡ್ತಿದಾರೆ."

"ಇಬ್ರೂ ಒಟ್ಟಿಗಾ?" ಎಂದಳು ಮಗಳು. ಗುಡ್ಡ ಜಾರುವುದಕ್ಕಿಂತ ಅದೇ ಅವಳಿಗೆ ಆಶ್ಚರ್ಯ.

ಭಾವ ಮೋಟುಗೋಡೆಯಂತಿದ್ದ ಬಂಡೆಯ ಮೇಲೆ ಉಪಕರಣ ಹರಡಿದ. "ಅವನಿಗೆ ಹೇಳು. ಬಿಳಿ ಹೊಗೆ, ಬಲ ಇಲ್ಲ, ಸೈಲೆನ್ಸರ್ ಕೆಂಪು. ಡೀಸೆಲ್ ತಡವಾಗಿ ಬೀಳ್ತಿದೆ. ಟೈಮಿಂಗ್ ನೋಡಬೇಕು."

"ಅವರಿಗೆ ಹೇಳಕ್ಕ, ನಂಗೂ ಹಾಗೇ ಅನ್ನಿಸ್ತು ಅಂತ."

"ಅನ್ನಿಸಿದ್ರೆ ಹೊಳೆ ಹತ್ರಾನೇ ಬೊಗಳೋದಲ್ವಾ ಅಂತ ಕೇಳು."

"ಟೈಮಿಂಗ್ ಅಂದ್ರೆ?" ಎಂದ ಹಗ್ಗದವನು, ಜಗಳ ತಪ್ಪಿಸಲು.

"ಪಿಸ್ಟನ್ ಮೇಲಕ್ಕೆ ಬರ್ತಾ ಗಾಳೀನ ಒತ್ತುತ್ತೆ," ಎಂದ ಬಾಮೈದ. "ಅದು ತುದಿ ಮುಟ್ಟೋಕೆ ಸ್ವಲ್ಪ ಮುಂಚೆ ಡೀಸೆಲ್ ಒಳಗೆ ಬೀಳಬೇಕು. ತಡವಾದ್ರೆ ಪಿಸ್ಟನ್ ಆಗಲೇ ಕೆಳಗೆ ಹೊರಟಿರುತ್ತೆ. ಉರಿದರೂ ತಳ್ಳೋಕೆ ಏನೂ ಸಿಕ್ಕಲ್ಲ."

ಡೀಸೆಲ್ ಯಾವಾಗ ಬೀಳುತ್ತಿದೆ ಎಂದು ಕಣ್ಣಾರೆ ನೋಡುವುದಕ್ಕೆ ಒಂದು ಉಪಾಯವಿದೆ. ಡೀಸೆಲನ್ನು ಒಳಕ್ಕೆ ಚಿಮ್ಮಿಸುವ ಪಂಪಿನಿಂದ ಮೊದಲನೇ ಸಿಲಿಂಡರಿಗೆ ಹೋಗುವ ಪೈಪು ಬಿಚ್ಚಿ, ಅಲ್ಲಿ ಪಾರದರ್ಶಕ ಕೊಳವೆಯೊಂದನ್ನು ಸಿಕ್ಕಿಸಬೇಕು. ಒಬ್ಬ ಬೆಲ್ಟು ಸುತ್ತುವ ಮುಂದಿನ ಪುಲ್ಲಿಗೆ ಪಾನಾ ಹಾಕಿ ಎಂಜಿನ್ನನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಇನ್ನೊಬ್ಬ ಕೊಳವೆಯಲ್ಲಿ ಕಣ್ಣಿಟ್ಟಿರಬೇಕು. ಡೀಸೆಲ್ ಮಿಸುಕಿದ ಕ್ಷಣ ತಿರುಗುವುದು ನಿಲ್ಲಬೇಕು. ಆಗ ಎಂಜಿನ್ನಿನ ಹಿಂತುದಿಯಲ್ಲಿ ತಿರುಗುವ ದೊಡ್ಡ ಚಕ್ರದ ಮೇಲಿನ ಗೆರೆ ಎಲ್ಲಿದೆ ನೋಡಿದರೆ ಎಲ್ಲ ಬಯಲು.

"ಪಾರದರ್ಶಕ ಕೊಳವೆ ಎಲ್ಲಿಂದ ತರೋದು?" ಎಂದಳು ಅಕ್ಕ.

ಮೂವರೂ ಹಗ್ಗದವನ ಬೆನ್ನುಚೀಲದ ಕಡೆ ನೋಡಿದರು. ಚೀಲದೊಳಗಿನ ನೀರು ಹೀರಲು ಭುಜದ ಮೇಲೆ ಒಂದು ಕೊಳವೆ ನೇತಾಡುತ್ತಿತ್ತು.

"ಅಯ್ಯೋ, ನಾನು ನೀರು ಕುಡಿಯೋದ್ರಲ್ಲಿ!"

"ಇವತ್ತು ಹೊಳೆ ನೀರು ಕುಡೀರಿ ಅಣ್ಣ," ಎಂದು ಬಾಮೈದ ಅದನ್ನು ಕತ್ತರಿಸಿಯೇಬಿಟ್ಟ.

ಮೊದಲು ಭಾವ ಎಂಜಿನ್ನಿನ ಮೇಲಿನ ಮುಚ್ಚಳ ತೆಗೆದು ವಾಲ್ವುಗಳು ಏಳುವುದು ಬೀಳುವುದನ್ನು ನೋಡಿ ಮೊದಲನೇ ಪಿಸ್ಟನ್ ತುದಿಗೆ ಬರುವುದನ್ನು ಖಚಿತ ಮಾಡಿಕೊಂಡ. ಪಿಸ್ಟನ್ ತುದಿಯಲ್ಲಿದೆ ಎಂದು ತೋರಿಸುವ ದೊಡ್ಡ ಚಕ್ರದ ಮೇಲಿನ ತುದಿಗೆರೆ ಸುಳ್ಳು ಹೇಳುತ್ತಿರಲಿಲ್ಲ. ಆಮೇಲೆ ಬಾಮೈದ ಬಂಪರಿನ ಕೆಳಗೆ ನುಗ್ಗಿ ಪಾನಾ ಹಿಡಿದ. ಭಾವ ಕೊಳವೆಗೆ ಕಣ್ಣಿಟ್ಟ. ಹಗ್ಗದವನು ಟಾರ್ಚು ಹಿಡಿದು ದೊಡ್ಡ ಚಕ್ರದ ಗೆರೆ ಕಾಣುವ ಹಿಂದಿನ ಕಿಂಡಿಯ ಬಳಿ ಮಲಗಿದ. ನಡುವೆ ಅಕ್ಕ.

ಎಂಜಿನ್ ಮೆಲ್ಲನೆ ತಿರುಗಿತು.

"ಅವನಿಗೆ ನಿಲ್ಲಿಸೋಕೆ ಹೇಳು!"

"ಲೋ, ನಿಲ್ಲಿಸ್ಬೇಕಂತೆ!"

ಬಾಮೈದ ನಿಲ್ಲಿಸುವಷ್ಟರಲ್ಲಿ ಡೀಸೆಲ್ ಕೊಳವೆಯಿಂದ ಉಕ್ಕಿ ಭಾವನ ಮೀಸೆಗೆ ಹಾರಿತ್ತು.

ಹಿಂದಕ್ಕೆ ತಿರುಗಿಸಿ ಸರಿಮಾಡುವಂತಿಲ್ಲ. ಎಂಜಿನ್ನಿನೊಳಗಿನ ಗೇರುಗಳ ನಡುವಿನ ಸಡಿಲ ಲೆಕ್ಕ ಕೆಡಿಸುತ್ತದೆ. ಪೂರ್ತಿ ಸುತ್ತಿಕೊಂಡು ಮತ್ತೆ ಅಲ್ಲಿಗೇ ಬರಬೇಕು. ಬಾಮೈದ ಕೆಸರಿನಲ್ಲಿ ಮಲಗಿ, ಹಲ್ಲು ಕಚ್ಚಿ ಮತ್ತೆ ತಿರುಗಿಸಿದ.

"ಹೇಳೇ ಅವನಿಗೆ!"

"ನಿಲ್ಸೋ—"

ಮತ್ತೆ ದಾಟಿಹೋಯಿತು.

"ಅವನ ಕಿವೀಲಿ ಏನಿದೆ ಕೇಳು!"

"ಅವರ ಬಾಯಿಗೆ ಏನಾಗಿದೆ ಅಂತ ನೀನೇ ಕೇಳಕ್ಕ!"

ಅಕ್ಕ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ನೆಲಕ್ಕೆ ಬಡಿದಳು. "ಥೂ ನಿಮ್ಮ! ಮಗು ಅಲ್ಲಿ ಗುಡ್ಡದ ಬುಡದಲ್ಲಿ ಕೂತಿದೆ. ಇಲ್ಲಿ ಎರಡು ಕೋಣಗಳು ನನ್ನ ಬಾಯಲ್ಲಿ ಮಾತಾಡ್ತಾವೆ. ಇನ್ನು ಒಂದು ಮಾತನ್ನೂ ನಾನು ದಾಟಿಸಲ್ಲ. ಗೊತ್ತಾಯ್ತಾ?" ಎಂದವಳೇ ಹೋಗಿ ಬಂಡೆಯ ಮೇಲೆ ಬೆನ್ನು ತಿರುಗಿಸಿ ಕುಳಿತಳು.

ಮರದ ಎಲೆಗಳಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು.

ಬಂಪರಿನ ಕೆಳಗೆ ಪಾನಾ ಮತ್ತೆ ಅಲುಗಾಡಿತು. ಬಾಮೈದ ಒಂದು ಮಾತಿಲ್ಲದೆ ತಿರುಗಿಸತೊಡಗಿದ. ಒಂದು ಸುತ್ತು ಬಂತು. ಇನ್ನೊಂದು. ಭಾವ ಕೊಳವೆಯ ಮೇಲೆ ಕಣ್ಣು ನೆಟ್ಟ. ಡೀಸೆಲಿನ ಅಂಚು ಅಲುಗದೆ ನಿಂತಿತ್ತು. ಅಲುಗದೆ ನಿಂತಿತ್ತು. ನಡುಗಿತು—

"ನಿಲ್ಸೋ!"

ಪಾನಾ ಅಲ್ಲೇ ನಿಂತಿತು. ಕೂದಲೆಳೆಯಷ್ಟೂ ದಾಟಲಿಲ್ಲ.

ಅಕ್ಕ ತಿರುಗಿ ನೋಡಲಿಲ್ಲ. ಆದರೆ ಅವಳ ಭುಜ ಸಡಿಲವಾಯಿತು.

"ಗೆರೆ ಎಲ್ಲಿದೆ ಅಣ್ಣಾ?" ಎಂದು ಬಾಮೈದ ಕೆಳಗಿನಿಂದಲೇ ಕೂಗಿದ.

"ಡೀಸೆಲ್ ಬೀಳಬೇಕಾದ ಗೆರೆ ದಾಟಿಹೋಗಿ ಕಾಣ್ತಾನೇ ಇಲ್ಲ," ಎಂದ ಹಗ್ಗದವನು. "ನೀವು ಹೇಳಿದ್ರಲ್ಲ ತುದಿಗೆರೆ, ಅದು ಆಗಲೇ ಕಿಂಡಿಯೊಳಗೆ ಇಣುಕ್ತಿದೆ."

"ಬಹಳ ತಡ," ಎಂದ ಭಾವ. ಪಂಪಿನ ಬೋಲ್ಟುಗಳನ್ನು ನೋಡಿದ. ಪಂಪನ್ನು ಸ್ವಲ್ಪ ಆಚೀಚೆ ತಿರುಗಿಸಿ ಟೈಮಿಂಗ್ ಸರಿಮಾಡಲೆಂದೇ ಬೋಲ್ಟಿನ ತೂತುಗಳು ಉದ್ದಕ್ಕಿರುತ್ತವೆ. ಇಲ್ಲಿ ಪಂಪು ಆಗಲೇ ತೂತಿನ ಕೊನೆ ಮುಟ್ಟಿತ್ತು. "ಇದನ್ನ ಕೊನೆವರೆಗೂ ತಿರುಗಿಸಿದ್ದು ಯಾರು?"

ಅಕ್ಕ ಅಲುಗಲಿಲ್ಲ. ಬಾಮೈದನೇ ಕೆಸರು ಒರೆಸಿಕೊಂಡು ಹೊರಬಂದ. "ನಾನೇ. ಸ್ಟಾರ್ಟೇ ಆಗ್ತಿರಲಿಲ್ಲ. ಹಳೇ ಪಂಪು, ಒಳಗೆ ಸವೆದಿರಬೇಕು ಅಂದ್ಕೊಂಡೆ."

"ಕೊನೆವರೆಗೂ ತಿರುಗಿಸಿದ ಮೇಲೂ ಇಷ್ಟು ತಡ ಅಂದ್ರೆ ಪಂಪಲ್ಲ ಕಣಯ್ಯಾ. ಪಂಪು ತಿರುಗಿಸೋ ಗೇರಿನ ಹಲ್ಲೇ ತಪ್ಪಿದೆ. ಒಂದು ಹಲ್ಲು ಹಿಂದೆ ಕೂತಿದೆ."

"ಸಾಧ್ಯವೇ ಇಲ್ಲ ಭಾವ. ನಿಮ್ಮ ಗುರುತು ನೋಡೇ ಜೋಡಿಸಿದ್ದು."

"ನನ್ನ ಗುರುತು ಸರಿಯಾಗೇ ಇತ್ತು."

"ನಾನೂ ಸರಿಯಾಗೇ ಕೂರಿಸಿದೆ. ಚುಕ್ಕಿ ಬಿಟ್ಟು ಪಕ್ಕದ ಹಲ್ಲು."

"ಪಕ್ಕದ ಹಲ್ಲಾ? ಚುಕ್ಕಿ ಇಟ್ಟ ಹಲ್ಲನ್ನ ಬಿಟ್ಟು ಪಕ್ಕದ್ದು ಯಾಕೋ?"

ಬಾಮೈದ ಕಣ್ಣರಳಿಸಿದ. "ಯಾಕೆ ಅಂದ್ರೆ? ನೀವು ಯಾವಾಗಲೂ ಪಕ್ಕದ ಹಲ್ಲಿಗೇ ಅಲ್ವಾ ಚುಕ್ಕಿ ಹೊಡೆಯೋದು!"

ಆ ಗೇರಿನ ಮೇಲೆ ಕಾರ್ಖಾನೆಯ ಗುರುತು ಸವೆದುಹೋಗಿತ್ತು. ಬಿಚ್ಚುವ ಮುಂಚೆ ಯಾವ ಹಲ್ಲು ಯಾವುದಕ್ಕೆ ಕಚ್ಚಿತ್ತು ಎಂದು ಮೊಳೆಯಂಥ ಪಂಚನ್ನು ಸುತ್ತಿಗೆಯಿಂದ ಹೊಡೆದು ಚುಕ್ಕಿ ಇಡಬೇಕು. ಭಾವ ಕೆಲಸ ಕಲಿತದ್ದು ಒಬ್ಬ ಮಹಾ ಕಿಲಾಡಿ ಮೇಸ್ತ್ರಿಯ ಹತ್ತಿರ. ಅರ್ಧ ಬಿಚ್ಚಿದ ಎಂಜಿನ್ನನ್ನು ಗಿರಾಕಿ ಬೇರೆ ವರ್ಕ್‌ಶಾಪಿಗೆ ಸಾಗಿಸಬಾರದೆಂದು ಆ ಮೇಸ್ತ್ರಿ ಬೇಕೆಂದೇ ಒಂದು ಹಲ್ಲು ಎಡಕ್ಕೆ ಗುರುತಿಡುತ್ತಿದ್ದ. ಬೇರೆಯವನು ಜೋಡಿಸಿದರೆ ಎಂಜಿನ್ ಕೆಮ್ಮಬೇಕು, ಗಿರಾಕಿ ವಾಪಸು ಬರಬೇಕು. ಭಾವನಿಗೆ ಆ ಕಿಲಾಡಿತನ ಬೇಕಿರಲಿಲ್ಲ, ಆದರೆ ಕೈಗೆ ಚಾಳಿ ಅಂಟಿತ್ತು. ವರ್ಕ್‌ಶಾಪಿನಲ್ಲಿ ಅದು ಬಾಮೈದನಿಗೆ ಮಾತ್ರ ಗೊತ್ತಿದ್ದ ಗುಟ್ಟು.

ಭಾವ ಮೀಸೆಯ ಡೀಸೆಲ್ ಒರೆಸಿಕೊಂಡ. ಆಮೇಲೆ, "ಈ ಸಲ ಸರಿಯಾದ ಹಲ್ಲಿಗೇ ಹೊಡೆದೆ," ಎಂದ. "ಮಾತಿಲ್ಲ ಕತೆಯಿಲ್ಲ, ನೀನೊಬ್ಬನೇ ಜೋಡಿಸ್ತೀಯ. ನನ್ನ ಚಾಳಿಯಿಂದ ನಿನಗೆ ಕಷ್ಟ ಆಗಬಾರದು ಅಂತ."

"ನಾನು ನಿಮ್ಮ ಚಾಳಿ ಲೆಕ್ಕ ಹಾಕಿ ಒಂದು ಹಲ್ಲು ಬಲಕ್ಕೆ ಹಾಕಿದೆ. ನಿಮ್ಮ ಲೆಕ್ಕ ತಪ್ಪಬಾರದು ಅಂತ."

ಹಗ್ಗದವನು ಲಾರಿಯ ಕೆಳಗಿನಿಂದ ತಲೆ ಹೊರಗೆ ಹಾಕಿದ. "ಅಂದ್ರೆ ಇಬ್ಬರೂ ಒಬ್ಬರಿಗೊಬ್ಬರು ಉಪಕಾರ ಮಾಡೋಕೆ ಹೋಗಿ ನಮ್ಮನ್ನೆಲ್ಲ ಪ್ರಪಾತಕ್ಕೆ ಕೆಡವ್ತಿದ್ರಿ."

ಬಂಡೆಯ ಮೇಲೆ ಅಕ್ಕನ ಬೆನ್ನು ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಹಗ್ಗದವನು ಗಾಬರಿಯಾದ. ಅವಳು ನಗುತ್ತಿದ್ದಳು.

"ಆಯ್ತು, ಪಾನಾ ಹಿಡಿಯೋ," ಎಂದ ಭಾವ.

ಈಗ ಕೆಲಸ ಓಡಿತು. ಪೈಪುಗಳನ್ನು ಬಿಚ್ಚಿ ಬಾಯಿಗೆ ಬಟ್ಟೆ ತುರುಕಿದರು. ಪಂಪಿನ ಬೋಲ್ಟು ಬಿಚ್ಚಿದರು. ಮಗುವನ್ನು ಎತ್ತುವಂತೆ ಇಬ್ಬರೂ ಪಂಪನ್ನು ಗೇರಿನ ಸಮೇತ ಹಿಂದಕ್ಕೆ ಎಳೆದರು. ಒಂದು ಹಲ್ಲು ತಿರುಗಿಸಿ ಒಳಗೆ ತಳ್ಳಿದರು. ಆ ಹಲ್ಲುಗಳು ಓರೆ. ಒಳಗೆ ಹೋಗುತ್ತಾ ಗೇರು ತಾನೇ ತಿರುಗಿಕೊಳ್ಳುತ್ತದೆ. ಮೊದಲನೇ ಸಲ ತಿರುಗಿ ಹಳೆಯ ಜಾಗಕ್ಕೇ ಬಂದು ಕೂತಿತು.

"ಇನ್ನೂ ಸ್ವಲ್ಪ ಮುಂದೆ ಹಿಡೀರಿ ಭಾವ. ಒಳಗೆ ಹೋಗ್ತಾ ಹಿಂದೆ ಬರುತ್ತಲ್ಲ."

"ಇಷ್ಟು?"

"ಇನ್ನೊಂದು ಚೂರು. ಹಾಂ. ತಳ್ಳಿ."

ಗೇರು ಒಳಗೆ ಜಾರಿ ಠಕ್ ಎಂದು ಕೂತಿತು. ಪಂಪು ತೂತಿನ ನಡುವೆ ನೆಟ್ಟಗೆ ನಿಂತಿತು. ಕೊಳವೆ ಸಿಕ್ಕಿಸಿ ಮತ್ತೆ ತಿರುಗಿಸಿದರು.

"ನಿಲ್ಸು!"

"ಗೆರೆ ಮೇಲೆ ಗೆರೆ!" ಎಂದು ಹಗ್ಗದವನು ಕೂಗಿದ. "ಸರಿಯಾಗಿ ಕೂತಿದೆ!"

ಪೈಪು ಬಿಗಿದು, ಗಾಳಿ ತೆಗೆದು, ಮುಚ್ಚಳ ಹಾಕಿದರು. ಅಕ್ಕ ಹತ್ತಿ ಕೂತು ಸ್ವಿಚ್ಚು ಒತ್ತಿದಳು. ಸ್ಟಾರ್ಟರ್ ತಿರುಗುವುದಕ್ಕೂ ಪುರುಸೊತ್ತಿಲ್ಲ, ಎಂಜಿನ್ ಗುಡುಗಿತು. ಒಂದು ಉಂಡೆ ಹೊಗೆ ಹೋಯಿತು, ಅಷ್ಟೇ. ಆಮೇಲೆ ಹಿಂದೆ ಶುದ್ಧ ಗಾಳಿ. ದನಿಯೇ ಬೇರೆ. ಇಷ್ಟು ಹೊತ್ತು ಗೂರಲು ಕೆಮ್ಮುತ್ತಿದ್ದವಳು ಎದ್ದು ನಿಂತು ಗದರಿಸಿದ ಹಾಗೆ.

ಕಲ್ಲು ತೆಗೆದರು. ದೊಡ್ಡಮ್ಮ ಗೋಡೆಯಿಂದ ಬೆನ್ನು ಬಿಡಿಸಿಕೊಂಡು, ಕೆಸರು ಹಿಂದಕ್ಕೆ ಎರಚಿ, ಏರು ಹತ್ತಿತು. ಶಾಖದ ಮುಳ್ಳು ಕೆಂಪು ಗೆರೆಯ ಕಡೆ ತಿರುಗಿಯೂ ನೋಡಲಿಲ್ಲ.

ಬೆಟ್ಟದ ನೆತ್ತಿಯಿಂದ ಕಮರಿ ಕಂಡಿತು. ಎರಡು ಗೋಡೆಗಳ ನಡುವೆ ಕೆಂಪು ನೀರು ಕುದಿಯುತ್ತಾ ಓಡುತ್ತಿತ್ತು. ಅದರ ಮೊರೆತ ಎದೆಗೆ ಬಡಿಯುತ್ತಿತ್ತು. ಆಚೆ ದಡದಲ್ಲಿ ಸೇತುವೆಯ ಒಂಟಿ ಗೋಪುರ. ಅದರ ಬುಡದಲ್ಲಿ ಐದು ಬಣ್ಣದ ಚುಕ್ಕಿಗಳಂತೆ ಐವರು. ಅವರ ಹಿಂದೆ ಗುಡ್ಡದ ಹಸಿರು ಮೈ ನಡುವೆ ಉದ್ದಕ್ಕೆ ಸೀಳಿ, ಒಳಗಿನ ಕೆಮ್ಮಣ್ಣು ಕಾಣುತ್ತಿತ್ತು. ಆಗಾಗ ಒಂದು ಮರ ನಿಂತಲ್ಲಿಂದಲೇ ಕೆಳಗೆ ಸರಿಯುತ್ತಿತ್ತು.

ಹಗ್ಗದವನು ಈಗ ತನ್ನ ಕೆಲಸಕ್ಕೆ ನಿಂತ. ತಂತಿಗೆ ದಾರ, ದಾರಕ್ಕೆ ಹಗ್ಗ ಕಟ್ಟಿ ಕಳಿಸಿದ. ಆಚೆಯವರು ತಂತಿ ಎಳೆದುಕೊಂಡು ದಪ್ಪ ಹಗ್ಗವನ್ನು ಗೋಪುರಕ್ಕೆ ಬಿಗಿದರು, ಇವನು ಈಚೆ ಬಂಡೆಗೆ ಬಿಗಿದ. ಅದರ ಮೇಲೆ ತೊಟ್ಟಿಲು. ತೊಟ್ಟಿಲಿಗೆ ವಿಂಚಿನ ಉಕ್ಕಿನ ಹಗ್ಗ. ಅಕ್ಕ ಸೀಟಿನಲ್ಲಿ ಕುಳಿತು ಎಂಜಿನ್ನಿನ ವೇಗ ಒಂದೇ ಸಮ ಇಟ್ಟಳು. ಬಾಮೈದ ವಿಂಚಿನ ಹಿಡಿಯ ಬಳಿ ನಿಂತ. ಭಾವ ಕಮರಿಯ ಅಂಚಿನಲ್ಲಿ ಮಲಗಿ ತೊಟ್ಟಿಲನ್ನು ನೋಡುತ್ತಾ ಕೂಗಿದ.

"ಎಳಿ! ನಿಧಾನ. ನಿಲ್ಸು. ಎಳಿ!"

ಒಬ್ಬರು ಬಂದರು. ತೊಟ್ಟಿಲನ್ನು ಆಚೆಯವರು ಹಿಂದಕ್ಕೆ ಎಳೆದುಕೊಂಡರು. ಇನ್ನೊಬ್ಬರು ಬಂದರು. ಮಗಳು ತಂಡದ ಮುಖ್ಯಸ್ಥೆ. ಮಿಕ್ಕ ನಾಲ್ವರನ್ನೂ ಕಳಿಸಿ ಕೊನೆಗೆ ತಾನು ತೊಟ್ಟಿಲಿಗೆ ಕಾಲಿಟ್ಟಳು.

ನಡುಕಮರಿಯಲ್ಲಿದ್ದಾಗ ಗುಡ್ಡ ಬಿತ್ತು.

ಮೊದಲು ಸದ್ದಿರಲಿಲ್ಲ. ಇಡೀ ಇಳಿಜಾರು ಬಟ್ಟೆ ಕಳಚಿದಂತೆ ಕೆಳಗೆ ಜಾರಿತು. ಆಮೇಲೆ ಗುಡುಗು. ಡೇರೆಗಳಿದ್ದ ಜಾಗ ಮಣ್ಣಾಯಿತು. ಗೋಪುರ ವಾಲಿತು. ಬಿಗಿದ ಹಗ್ಗ ಜೋಲಿತು. ತೊಟ್ಟಿಲು ಧಸಕ್ಕನೆ ನೀರಿನ ಕಡೆಗೆ ಕುಸಿಯಿತು.

"ಎಳಿಯೋ!" ಎಂದು ಭಾವ ಕಿರುಚಿದ.

ಮಾತು ಮುಗಿಯುವ ಮುಂಚೆಯೇ ಬಾಮೈದ ಹಿಡಿ ಒತ್ತಿದ್ದ. ಅಕ್ಕ ತಳಕ್ಕೆ ತುಳಿದಳು. ಎಂಜಿನ್ ತಗ್ಗಲಿಲ್ಲ, ಬಿಕ್ಕಲಿಲ್ಲ, ಮೈಯೆಲ್ಲ ಬಲ ಮಾಡಿ ಎಳೆಯಿತು. ಉಕ್ಕಿನ ಹಗ್ಗ ಝಣಗುಟ್ಟಿತು. ನೀರಿನ ತೆರೆ ತೊಟ್ಟಿಲಿನ ತಳ ನೆಕ್ಕಿತು. ಇನ್ನೊಂದು ತೆರೆ ಮಗಳ ಮೊಣಕಾಲು ನೆನೆಸಿತು. ಅಷ್ಟರಲ್ಲಿ ತೊಟ್ಟಿಲು ಈಚೆ ಗೋಡೆಗೆ ಬಡಿದು, ಬಂಡೆ ಉಜ್ಜಿಕೊಂಡು ಮೇಲೆ ಬಂತು.

"ನಿಲ್ಸು!"

ನಿಂತಿತು. ಭಾವ ಮಗಳ ಎರಡೂ ಕೈ ಹಿಡಿದು ಎಳೆದುಕೊಂಡ. ಹಗ್ಗದವನು ಆಚೆಯ ಗೋಪುರ ನೀರಿಗೆ ಬೀಳುವ ಮುಂಚೆಯೇ ದಪ್ಪ ಹಗ್ಗ ಕತ್ತರಿಸಿದ.

ಮಗಳು ಹುಲ್ಲಿನ ಮೇಲೆ ಕೂತು ಉಸಿರು ತೆಗೆದುಕೊಂಡಳು. ಅಪ್ಪನನ್ನು ನೋಡಿದಳು, ಮಾವನನ್ನು ನೋಡಿದಳು. "ನೀವು ಮಾತಾಡ್ತಿದೀರಾ?" ಎಂದಳು.

"ಮಾತಾಡ್ತಿಲ್ಲ, ಕೂಗಾಡ್ತಿದೀವಿ," ಎಂದ ಬಾಮೈದ.

ವಾಪಸು ದಾರಿ ಸುಲಭವಿರಲಿಲ್ಲ. ಇಳಿಜಾರಿನ ಕೆಸರಲ್ಲಿ ಲಾರಿಯನ್ನು ಗೇರಿನಲ್ಲೇ ತಡೆದು ತಡೆದು ಇಳಿಸಬೇಕಾಯಿತು. ಒಂದು ಕಡೆ ಅಡ್ಡ ಬಿದ್ದ ಮರವನ್ನು ವಿಂಚಿನಿಂದ ಎಳೆದು ಪ್ರಪಾತಕ್ಕೆ ಹಾಕಿದರು. ಹೊಳೆ ಬೆಳಗಿಗಿಂತ ಏರಿತ್ತು. ದೊಡ್ಡಮ್ಮ ಎದೆಯಿಂದ ನೀರು ಸೀಳಿಕೊಂಡು, ಅದೇ ಬಂಡೆಯನ್ನು ಒಂದೇ ಉಸಿರಿಗೆ ಹತ್ತಿ ದಡ ಸೇರಿತು. ಹಿಂದೆ ಕುಳಿತ ನಾಲ್ವರೂ, ಹಗ್ಗದವನೂ ತೊಯ್ದು ತೊಪ್ಪೆಯಾಗಿ ಕೇಕೆ ಹಾಕಿದರು.

ಕ್ಯಾಬಿನ್ನಿನಲ್ಲಿ ಮಾತ್ರ ಊರು ಸೇರುವವರೆಗೂ ಒಂದೇ ಗಲಾಟೆ. ಅಳತೆ ಹೀಗಿರಬೇಕಿತ್ತು, ಹಾಗಿರಬೇಕಿತ್ತು, ಸ್ಟಾರ್ಟ್ ಆಗದಿದ್ದಾಗಲೇ ನೀನು ಕೇಳಬೇಕಿತ್ತು, ಹಲ್ಲು ಬದಲಾಯಿಸಿದ್ದನ್ನು ನೀವು ಹೇಳಬೇಕಿತ್ತು. ಇಷ್ಟು ದಿನ ಕೂಡಿಟ್ಟದ್ದೆಲ್ಲ ಮಗಳ ತಲೆಯ ಮೇಲಿಂದ ಆಚೀಚೆ ಹಾರಿತು.

"ಅಮ್ಮಾ, ಮಾತು ಬಿಟ್ಟಾಗಲೇ ಚೆನ್ನಾಗಿತ್ತಲ್ವಾ?" ಎಂದಳು ಮಗಳು.

"ನಂಗೆ ಮಾತ್ರ ಇವತ್ತು ಬಾಯಿಗೆ ರಜ ಕಣೇ," ಎಂದಳು ಅಕ್ಕ.

ಬೆಳಕು ಇನ್ನೂ ಇದ್ದಾಗಲೇ ವರ್ಕ್‌ಶಾಪಿನ ಬಾಗಿಲಿಗೆ ಬಂದರು. ಬೀದಿಯವರೆಲ್ಲ ಸೇರಿದ್ದರು. ಐವರನ್ನೂ ಇಳಿಸಿಕೊಂಡರು, ಕಂಬಳಿ ಹೊದಿಸಿದರು. ಹಗ್ಗದವನು ತುಂಡು ಕೊಳವೆಯನ್ನು ಮೂಸಿ ಮುಖ ಕಿವಿಚಿ, ಬೆನ್ನುಚೀಲಕ್ಕೆ ಹಾಕಿಕೊಂಡು ಹೊರಟ. ಅಕ್ಕ ಎಂಜಿನ್ ನಿಲ್ಲಿಸಿದಳು. ಬಿಸಿ ಲೋಹ ಟಿಕ್ ಟಿಕ್ ಎಂದು ತಣಿಯತೊಡಗಿತು.

ಭಾವ ಬಾನೆಟ್ ಮೇಲೆ ಕೈಯಿಟ್ಟು ನಿಂತ. "ಅವನಿಗೆ ಹೇಳು—" ಎಂದು ಹೆಂಡತಿಯ ಕಡೆ ತಿರುಗಿದವನು ಅರ್ಧಕ್ಕೇ ನಿಲ್ಲಿಸಿ, ಬಾಮೈದನ ಕಡೆ ತಿರುಗಿದ.

"ಲೋ, ನಾಳೆ ಮುಂದಿನ ಕವರ್ ಬಿಚ್ಚಿ ಸರಿಯಾದ ಹಲ್ಲಿಗೆ ಹೊಸ ಗುರುತು ಹೊಡೆಯೋಣ. ಬೆಳಗ್ಗೇನೇ ಬಾ."

"ಎಲ್ಲಿ ಹೊಡೀತೀರಾ?"

"ನೀನು ತೋರಿಸಿದ ಕಡೆ."

ಬಾಮೈದ ಉಪಕರಣದ ಪೆಟ್ಟಿಗೆ ಎತ್ತಿ ಹೆಗಲ ಮೇಲಿಟ್ಟುಕೊಂಡ.

"ಆಯ್ತು ಭಾವ. ಪಂಚು ನೀವು ಹಿಡೀರಿ. ಸುತ್ತಿಗೆ ನಂದು."